ಇಬ್ಬರು ಕಸ್ಟಮರ್, ಅದೇ ಮಷಿನ್: ಯಾರ ಜಾಬ್ ಮೊದಲು ಹಾಕೋದು?

ಜಾಬ್‌ವರ್ಕ್_ಪೀಣ್ಯ:
ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಮೂರು ಸಿಎನ್‌ಸಿ ಲೇತ್ (ಪ್ರೋಗ್ರಾಂ ಪ್ರಕಾರ ಪೀಸ್ ತಿರುಗಿಸಿ ಕಡೆಯುವ ಮಷಿನ್), ಒಂದು ವಿಎಂಸಿ (ಟೇಬಲ್ ಮೇಲೆ ಪೀಸ್ ಕಟ್ಟಿ ಮಿಲ್ಲಿಂಗ್, ಡ್ರಿಲ್ಲಿಂಗ್ ಮಾಡುವುದು), ಒಂದು ಸಿಲಿಂಡ್ರಿಕಲ್ ಗ್ರೈಂಡರ್ (ಶಾಫ್ಟ್ ಥರದ ದುಂಡನೆಯ ಪೀಸ್ ಉಜ್ಜಿ ಅಳತೆಗೆ ತರುವುದು). ದೊಡ್ಡ ಕಸ್ಟಮರ್ ಇಬ್ಬರು. ಒಬ್ಬರು ಆಟೋ ಪಾರ್ಟ್ಸ್‌ನವರು. ಇಂಥ ದಿನ ಇಷ್ಟು ಹೊತ್ತಿಗೆ ಇಷ್ಟು ಪೀಸ್ ಅಂತ ಶೆಡ್ಯೂಲ್ ಕಳಿಸುತ್ತಾರೆ. ತಪ್ಪಿದರೆ ಅವರ ಲೈನ್ ನಿಲ್ಲುತ್ತದೆ, ನಮಗೆ ಡೆಬಿಟ್ ನೋಟ್ ಬರುತ್ತದೆ, ಅಂದರೆ ನಮ್ಮ ಬಿಲ್‌ನಲ್ಲಿ ಕಡಿತ. ಇನ್ನೊಬ್ಬರು ಪಂಪ್ ಮಾಡುವವರು. ಅವರದು ಚಿಲ್ಲರೆ ಲಾಟ್‌ಗಳು, ನೂರೆಂಟು ಬಗೆ. ಇಂಥ ದಿನವೇ ಬೇಕು ಅಂತ ಏನಿಲ್ಲ, ಆದರೆ "ನಮ್ಮದು ಯಾವಾಗಲೂ ಲೇಟು" ಅನ್ನುವ ದೂರು ಮಾತ್ರ ತಪ್ಪುವುದಿಲ್ಲ.

ಎರಡೂ ಕಡೆಯವರ ಕೆಲಸ ಹೋಗುವುದು ಅದೇ ವಿಎಂಸಿ, ಅದೇ ಗ್ರೈಂಡರ್ ಮೇಲೆ. ಬೆಳಿಗ್ಗೆ ಪ್ಲಾನ್ ಮಾಡಿ ಬೋರ್ಡ್ ಮೇಲೆ ಬರೆಯುತ್ತೇವೆ. ಹನ್ನೊಂದು ಗಂಟೆಗೆ ಒಂದು ಫೋನ್ ಬರುತ್ತದೆ, ಪ್ಲಾನ್ ಅಲ್ಲಿಗೆ ಮುಗಿಯಿತು. ಅರ್ಧ ಓಡಿದ ಲಾಟ್ ಇಳಿಸಿ ಇನ್ನೊಂದು ಹಾಕುತ್ತೇವೆ. ಸಂಜೆ ನೋಡಿದರೆ ಇಬ್ಬರದೂ ಮುಗಿದಿರುವುದಿಲ್ಲ. ಇದಕ್ಕೆ ಸರಿಯಾದ ಲೆಕ್ಕ ಅಂತ ಏನಾದರೂ ಇದೆಯಾ, ಅಥವಾ ಎಲ್ಲರದೂ ಹೀಗೇನಾ?

ಹಳೇ_ಫೋರ್‌ಮನ್:
ಎಲ್ಲರದೂ ಹೀಗೇ ಸಾರ್. ನಾನು ಕೆಲಸ ಮಾಡಿದ ಕಡೆಯೆಲ್ಲಾ ಒಂದೇ ನಿಯಮ, ಯಾರು ಜೋರಾಗಿ ಕೂಗುತ್ತಾರೋ ಅವರದು ಮೊದಲು. ಆದರೆ ಒಂದು ಕೇಳುತ್ತೇನೆ. ಫೋನ್ ಎತ್ತುವವರು ಯಾರು? ಸೂಪರ್‌ವೈಸರ್ ಮೊಬೈಲ್ ನಂಬರ್ ಕಸ್ಟಮರ್ ಹತ್ತಿರ ಇದ್ದರೆ ನಿಮ್ಮ ಪ್ಲಾನ್ ಮಾಡುತ್ತಿರುವುದು ಕಸ್ಟಮರ್ರೇ, ನೀವಲ್ಲ. ಮೊದಲು ಅದನ್ನು ನಿಲ್ಲಿಸಿ.

ಲೆಕ್ಕದ_ಮೇಡಂ:
ಯಾರು ದುಡ್ಡು ಬೇಗ ಕೊಡುತ್ತಾರೋ ಅವರ ಜಾಬ್ ಮೊದಲು. ಸಿಂಪಲ್.

ತಮಾಷೆಗೆ ಹೇಳುತ್ತಿಲ್ಲ. ಎಂಎಸ್‌ಎಂಇ ಕಾಯ್ದೆ 2006ರದು, ಅದರ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಎಳೆಯುವ ಹಾಗಿಲ್ಲ. ಅದರ ಮೇಲೆ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ (1961ರ ಕಾಯ್ದೆಯಲ್ಲಿ ಅದು 43ಬಿ(ಎಚ್)). ಮೈಕ್ರೋ, ಸ್ಮಾಲ್ ಯೂನಿಟ್‌ಗೆ ಆ ಗಡುವಿನೊಳಗೆ ಕೊಡದೆ ಬಾಕಿ ಇಟ್ಟುಕೊಂಡರೆ ಖರೀದಿ ಮಾಡಿದವರಿಗೆ ಆ ಖರ್ಚು ಆ ವರ್ಷ ಸಿಗುವುದಿಲ್ಲ, ಕೊಟ್ಟ ವರ್ಷವೇ ಸಿಗುವುದು. ಹಾಗಾಗಿ ಇಬ್ಬರಲ್ಲಿ ಯಾರು ಗಡುವು ಪಾಲಿಸುತ್ತಾರೆ ಅಂತ ಬರೆದಿಡಿ. ಮಷಿನ್ ಮೇಲೆ ಮೊದಲ ಜಾಗ ಯಾರಿಗೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನಬೇಡಿ.

ಜಾಬ್‌ವರ್ಕ್_ಪೀಣ್ಯ:
ಮೇಡಂ, ಇಬ್ಬರೂ ಹೆಚ್ಚುಕಡಿಮೆ ಒಂದೇ ಥರ ಕೊಡುತ್ತಾರೆ. ಅಂದರೆ ಇಬ್ಬರೂ ಲೇಟು.

ಗುಣಾಕಾರ:
ನಾನು ಪ್ರೊಡಕ್ಷನ್ ಪ್ಲಾನಿಂಗ್ ಪಾಠ ಮಾಡುವವನು. ಇದಕ್ಕೆ ಲೆಕ್ಕ ಇದೆ, ಚೆನ್ನಾಗಿಯೇ ಇದೆ. ಶೆಡ್ಯೂಲಿಂಗ್‌ನಲ್ಲಿ 1950ರ ದಶಕದ ಹಳೆಯ ನಿಯಮಗಳೆಲ್ಲ "ಎಲ್ಲ ಜಾಬ್‌ಗೂ ಒಂದೇ ಗುರಿ" ಅಂತ ಹಿಡಿದು ಮಾಡಿದ್ದು. 1955ರಲ್ಲಿ ಜ್ಯಾಕ್ಸನ್ ಹೇಳಿದ್ದು, ಅತಿ ಜಾಸ್ತಿ ಲೇಟಾದ ಜಾಬ್ ಎಷ್ಟು ಲೇಟು ಅನ್ನುವುದನ್ನು ಕಮ್ಮಿ ಮಾಡಬೇಕಾದರೆ ಹತ್ತಿರದ ಗಡುವಿನದನ್ನು ಮೊದಲು ಹಾಕಿ. 1956ರಲ್ಲಿ ಸ್ಮಿತ್ ಹೇಳಿದ್ದು, ಸರಾಸರಿ ಬೇಗ ಮುಗಿಯಬೇಕಾದರೆ ಚಿಕ್ಕ ಜಾಬ್ ಮೊದಲು ಹಾಕಿ. ಎರಡೂ ಸರಿ. ಆದರೆ ನಿಮ್ಮ ಆಟೋದವರಿಗೆ ಜ್ಯಾಕ್ಸನ್ ಬೇಕು, ಪಂಪ್‌ನವರಿಗೆ ಸ್ಮಿತ್ ಬೇಕು, ಮಷಿನ್ ಮಾತ್ರ ಒಂದೇ. ಒಂದೇ ಮಷಿನ್‌ಗೆ ಇಬ್ಬರು ಹಕ್ಕುದಾರರು ಅನ್ನುವ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದ್ದು ತುಂಬಾ ತಡವಾಗಿ. 2003ರಲ್ಲಿ ಬೇಕರ್ ಮತ್ತು ಸ್ಮಿತ್ (ಇವರು ಬೇರೆ ಸ್ಮಿತ್), 2004ರಲ್ಲಿ ಇಟಲಿಯ ಅಗ್ನೆಟಿಸ್ ಮತ್ತು ಅವರ ಜೊತೆಗಾರರು.

ಅವರ ದಾರಿ ಹೀಗಿದೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗಡುವು ಇರುವವರಿಗೆ ಗಡುವು ಕೊಟ್ಟುಬಿಡಿ, ಅದಕ್ಕಿಂತ ಒಂದು ನಿಮಿಷವೂ ಬೇಗ ಕೊಡಬೇಡಿ. ಉಳಿದದ್ದೆಲ್ಲ ಇನ್ನೊಬ್ಬರಿಗೆ.

ವಿಎಂಸಿ ಮೇಲೆ ಪಂಪ್‌ನವರದು ನಾಲ್ಕು ಜಾಬ್ ಅಂತಿಟ್ಟುಕೊಳ್ಳಿ: 2, 3, 5, 8 ಗಂಟೆಯವು. ಆಟೋದವರದು ಎರಡು: ಒಂದು 4 ಗಂಟೆಯದು, 10ನೇ ಗಂಟೆಯೊಳಗೆ ಮುಗಿಯಬೇಕು. ಇನ್ನೊಂದು 6 ಗಂಟೆಯದು, 20ನೇ ಗಂಟೆಯೊಳಗೆ. ಒಟ್ಟು 28 ಗಂಟೆ ಕೆಲಸ. ಪ್ಲಾನನ್ನು ಕೊನೆಯಿಂದ ಕಟ್ಟಿಕೊಂಡು ಬನ್ನಿ. 28ನೇ ಗಂಟೆಗೆ ಮುಗಿದರೆ ನಡೆಯುತ್ತದೆ ಅನ್ನುವ ಆಟೋ ಜಾಬ್ ಇದೆಯಾ? ಇಲ್ಲ. ಹಾಗಾದರೆ ಪಂಪ್‌ನ ಅತಿ ದೊಡ್ಡದನ್ನು, 8 ಗಂಟೆಯದನ್ನು ಕೊನೆಗೆ ಹಾಕಿ. ಈಗ 20ಕ್ಕೆ ಬಂದೆವು. 20ಕ್ಕೆ ಮುಗಿಯಬಹುದಾದ ಆಟೋ ಜಾಬ್ ಇದೆಯಾ? ಇದೆ, 6 ಗಂಟೆಯದು, 14ರಿಂದ 20. ಈಗ 14. ಆಟೋದ ಇನ್ನೊಂದು 10ಕ್ಕೆ ಮುಗಿಯಬೇಕು, ಇಲ್ಲಿ ಕೂರುವುದಿಲ್ಲ. ಪಂಪ್‌ನ 5 ಗಂಟೆಯದು ಹಾಕಿ, 9ಕ್ಕೆ ಬಂದೆವು. ಈಗ ಆಟೋದ 4 ಗಂಟೆಯದು ಕೂರುತ್ತದೆ, 5ರಿಂದ 9. ಉಳಿದ 3, 2 ಮುಂದೆ.

ಸಾಲು ಹೀಗಾಯಿತು: ಪಂಪ್ 2, ಪಂಪ್ 3, ಆಟೋ 4, ಪಂಪ್ 5, ಆಟೋ 6, ಪಂಪ್ 8. ಪಂಪ್ ಜಾಬ್‌ಗಳು ಮುಗಿಯುವುದು 2, 5, 14, 28ಕ್ಕೆ. ಸರಾಸರಿ 12.25 ಗಂಟೆ. ಆಟೋದ್ದು ಎರಡೂ ಟೈಮಿಗೆ. ಹೆದರಿಕೊಂಡು ಆಟೋದವರದನ್ನೇ ಮೊದಲು ಹಾಕಿದ್ದರೆ ಪಂಪ್‌ನದು 12, 15, 20, 28. ಸರಾಸರಿ 18.75. ಆಟೋದವರಿಗೆ ಇದರಿಂದ ಸಿಕ್ಕಿದ್ದೇನು? ಏನೂ ಇಲ್ಲ. ಪೀಸ್‌ಗಳು ಪ್ಯಾಕಿಂಗ್ ಟೇಬಲ್ ಮೇಲೆ ಲಾರಿಗೆ ಕಾಯುತ್ತಾ ಕೂತಿರುತ್ತವೆ ಅಷ್ಟೇ.

ಮೈಕ್ರಾನ್:
ಗುರುಗಳೇ, ಚೆನ್ನಾಗಿದೆ, ಆದರೆ ಸೆಟ್ಟಿಂಗ್ ಎಲ್ಲಿ ಹೋಯಿತು? ಪಂಪ್, ಆಟೋ, ಪಂಪ್, ಆಟೋ, ಪಂಪ್. ನಾಲ್ಕು ಸಲ ಫಿಕ್ಚರ್ (ಪೀಸ್ ಹಿಡಿದುಕೊಳ್ಳುವ ಕಟ್ಟು) ಇಳಿಸಿ ಹತ್ತಿಸಬೇಕು. ಬೋರ್ಡ್ ಮೇಲೆ ಅದೊಂದು ಗೆರೆ. ಮಷಿನ್ ಮೇಲೆ ಏನಾಗುತ್ತದೆ ಗೊತ್ತಲ್ಲ. ಹಳೇ ಫಿಕ್ಚರ್ ಬಿಚ್ಚಿ, ಟೇಬಲ್ ಮೇಲಿನ ಚಿಪ್ಸ್ ಒರೆಸಿ, ಹೊಸದು ಕೂರಿಸಿ, ಡಯಲ್ ಗೇಜ್ ಹಿಡಿದು ನೇರ ಮಾಡಿ, ಟೂಲ್ ಆಫ್‌ಸೆಟ್ (ಟೂಲ್‌ನ ಅಳತೆ) ತೆಗೆದುಕೊಂಡು, ಪ್ರೋಗ್ರಾಂ ಲೋಡ್ ಮಾಡಿ ಫಸ್ಟ್ ಪೀಸ್ ಹೊಡೆಯಬೇಕು. ಅಷ್ಟಕ್ಕೆ ಮುಗಿಯಿತಾ? ಆ ಪೀಸ್ ಹಿಡಿದುಕೊಂಡು ಆಪರೇಟರ್ ಕ್ಯೂಸಿ (ತಪಾಸಣೆ) ಟೇಬಲ್ ಹತ್ತಿರ ನಿಲ್ಲಬೇಕು. ಇನ್‌ಸ್ಪೆಕ್ಟರ್ ಊಟಕ್ಕೆ ಹೋಗಿದ್ದರೆ ಮಷಿನ್ ಹಸಿರು ಲೈಟ್ ಇಲ್ಲದೆ ಸುಮ್ನೆ ನಿಂತಿರುತ್ತದೆ. ಎಲ್ಲಾ ಸೇರಿ ಮುಕ್ಕಾಲು ಗಂಟೆ ಅಂತೂ ಹಿಡಿಯಿರಿ. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿ ನೋಡೋಣ.

ಗುಣಾಕಾರ:
ನ್ಯಾಯವಾದ ಪ್ರಶ್ನೆ. ಈಗ ಮಷಿನ್ ಮೇಲೆ ಪಂಪ್ ಫಿಕ್ಚರೇ ಇದೆ ಅಂತಿಟ್ಟುಕೊಳ್ಳೋಣ. ಕಸ್ಟಮರ್ ಬದಲಾದಾಗಲೆಲ್ಲ 45 ನಿಮಿಷ. ಮೊದಲಿನ ಸಾಲಿನಲ್ಲಿ ಆಟೋದ ಮೊದಲ ಜಾಬ್ 9.75ಕ್ಕೆ ಮುಗಿಯುತ್ತದೆ, ಸರಿ. ಎರಡನೆಯದು 22.25ಕ್ಕೆ ಹೋಗುತ್ತದೆ. ಲೇಟ್. ನೀವು ಹೇಳಿದ್ದು ನಿಜ, ಆ ಸಾಲು ಬಿತ್ತು.

ಆಟೋದ ಎರಡನ್ನೂ ಒಟ್ಟಿಗೆ ಹಾಕಿ: ಪಂಪ್ 2, ಪಂಪ್ 3, ಆಮೇಲೆ ಆಟೋ ಎರಡೂ, ಆಮೇಲೆ ಪಂಪ್ 5, 8. ಸೆಟ್ಟಿಂಗ್ ಎರಡೇ ಸಲ. ಆಟೋದ್ದು 9.75 ಮತ್ತು 15.75ಕ್ಕೆ ಮುಗಿಯುತ್ತದೆ. ಪಂಪ್‌ದು 2, 5, 21.5, 29.5. ಸರಾಸರಿ 14.5. ಇದೇ ಆಟೋ ಮೊದಲು ಅಂತ ಹೋಗಿದ್ದರೆ ಅಲ್ಲೂ ಸೆಟ್ಟಿಂಗ್ ಎರಡು ಸಲ ಬೇಕಿತ್ತು, ಪಂಪ್ ಸರಾಸರಿ 20.25 ಆಗುತ್ತಿತ್ತು. ಸೆಟ್ಟಿಂಗ್ ಬಂದ ಮೇಲೆ ಆ ಚೆಂದದ ನಿಯಮ ಪೂರ್ತಿ ನಡೆಯುವುದಿಲ್ಲ. ಆದರೆ "ಗಡುವಿನಷ್ಟು ಕೊಡು, ಅದಕ್ಕಿಂತ ಜಾಸ್ತಿ ಕೊಡಬೇಡ" ಅನ್ನುವುದು ಆಗಲೂ ನಿಲ್ಲುತ್ತದೆ.

ಹಳೇ_ಫೋರ್‌ಮನ್:
10ಕ್ಕೆ ಗಡುವು, 9.75ಕ್ಕೆ ಮುಗಿಯುತ್ತದೆ. ಹದಿನೈದು ನಿಮಿಷ ಕೈಯಲ್ಲಿ. ಸಾರ್, ಒಂದು ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಮುರಿದರೆ ಹದಿನೈದು ನಿಮಿಷ ಹೋಯಿತು. ಕರೆಂಟ್ ಎರಡು ನಿಮಿಷ ಹೋಗಿ ಬಂದರೂ ಮಷಿನ್ ಮತ್ತೆ ಹೋಮ್‌ಗೆ (ಶುರುವಿನ ಜಾಗಕ್ಕೆ) ತಂದು, ಅರ್ಧ ಆದ ಪೀಸ್ ನೋಡಿ ಶುರು ಮಾಡಬೇಕು. ಕಾಗದದ ಮೇಲೆ ಆನ್ ಟೈಮ್, ಶೆಡ್‌ನಲ್ಲಿ ಡೆಬಿಟ್ ನೋಟ್. ನಾನಾದರೆ ಪಂಪ್ 2 ಒಂದನ್ನೇ ಮುಂದೆ ಬಿಟ್ಟು ಆಟೋ ಹತ್ತಿಸುತ್ತಿದ್ದೆ.

ಗುಣಾಕಾರ:
ಒಪ್ಪಿದೆ. ಆಗ ಆಟೋದ ಮೊದಲನೆಯದು 6.75ಕ್ಕೆ ಮುಗಿಯುತ್ತದೆ, ಮೂರು ಗಂಟೆ ಮೇಲೆ ಕೈಯಲ್ಲಿ ಉಳಿಯುತ್ತದೆ. ಪಂಪ್‌ನ 3 ಗಂಟೆಯ ಜಾಬ್ ಹಿಂದಕ್ಕೆ ಹೋಗಿ 16.5ಕ್ಕೆ ಮುಗಿಯುತ್ತದೆ. ಅಂದರೆ ಆ ಧೈರ್ಯಕ್ಕೆ ಕೊಟ್ಟ ಬೆಲೆ ಹನ್ನೊಂದೂವರೆ ಗಂಟೆ, ಅದನ್ನು ತೆತ್ತವರು ಪಂಪ್‌ನವರು. ತೆರಬೇಕಾ ಬೇಡವಾ ಅನ್ನುವುದು ಮಾಲೀಕರು ತೀರ್ಮಾನ ಮಾಡುವ ವಿಷಯ. ಆದರೆ ಬೆಲೆ ಗೊತ್ತಿದ್ದು ಮಾಡಿ ಅನ್ನುವುದಷ್ಟೇ ನನ್ನ ಮಾತು.

ಬೆಳಗಾವಿ_ಫೌಂಡ್ರಿ:
ನಮ್ಮಲ್ಲಿ ಎರಕ ಹೊಯ್ಯುವುದು, ಆಮೇಲೆ ಮಷಿನಿಂಗ್. ಅದೇ ಗೋಳು. ಸೆಟ್ಟಿಂಗ್ ಮುಕ್ಕಾಲು ಗಂಟೆ ಅಂತ ಒಪ್ಪಿಕೊಂಡು ಯಾಕೆ ಕೂತಿದ್ದೀರಿ? ಟೊಯೋಟಾದಲ್ಲಿ ಶಿಗೆಯೊ ಶಿಂಗೊ ಅನ್ನುವವರು 1000 ಟನ್ ಪ್ರೆಸ್‌ನ ಡೈ ಬದಲಿಸುವುದನ್ನು ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದ್ದರು. ಮಾಯ ಮಂತ್ರ ಏನಲ್ಲ. ಮಷಿನ್ ನಿಲ್ಲಿಸದೇ ಮಾಡಬಹುದಾದ ಕೆಲಸ ಯಾವುದು, ನಿಲ್ಲಿಸಿಯೇ ಮಾಡಬೇಕಾದ್ದು ಯಾವುದು ಅಂತ ಬೇರೆ ಮಾಡಿದರು. ನಿಮ್ಮ ಫಿಕ್ಚರ್‌ಗೆ ಟೇಬಲ್ ಮೇಲೆ ಒಂದು ಬೇಸ್ ಪ್ಲೇಟ್, ಎರಡು ಡಾವೆಲ್ (ಜಾಗ ಹಿಡಿಸುವ ಪಿನ್) ಹಾಕಿಬಿಟ್ಟರೆ ಡಯಲ್ ಹಿಡಿಯುವ ಕೆಲಸ ಹೆಚ್ಚುಕಡಿಮೆ ಹೋಗುತ್ತದೆ. ಟೂಲ್‌ಗಳನ್ನು ಹಿಂದಿನ ಜಾಬ್ ಓಡುತ್ತಿರುವಾಗಲೇ ಹೋಲ್ಡರ್‌ಗೆ ಹಾಕಿ ಅಳೆದಿಡಿ. ಆಗ ಗುಣಾಕಾರ ಅವರ ಮೊದಲಿನ ಸಾಲೂ ಮತ್ತೆ ಬದುಕಬಹುದು.

ಕೋಡ್_ಬರೆಯೋನು:
ಕೈಯಲ್ಲಿ ಯಾಕೆ ಲೆಕ್ಕ ಹಾಕುತ್ತೀರಿ? ಗೂಗಲ್‌ನ ಓಆರ್-ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸಿಪಿ-ಸ್ಯಾಟ್ ಅಂತ ಇದೆ. ಜಾಬ್, ಗಡುವು, ಸೆಟ್ಟಿಂಗ್ ಎಲ್ಲಾ ಕೊಟ್ಟರೆ ಈ ಸೈಜಿನ ಶೆಡ್‌ಗೆ ಕೂತಲ್ಲೇ ಉತ್ತರ ಕೊಡುತ್ತದೆ. ಮೇಲಿನ ಆರು ಜಾಬ್‌ಗೆ 720 ಸಾಲು ಇವೆ. ಹತ್ತು ಜಾಬ್ ಆದರೆ 36,28,800. ಬೋರ್ಡ್ ಮುಂದೆ ನಿಂತು ಎಷ್ಟು ನೋಡುತ್ತೀರಿ?

ಗುಣಾಕಾರ:
ಟೂಲ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಹತ್ತು ಜಾಬ್, ಹತ್ತು ಮಷಿನ್ ಇರುವ ಒಂದು ಪ್ರಸಿದ್ಧ ಲೆಕ್ಕ 1963ರಲ್ಲಿ ಅಚ್ಚಾಯಿತು. ಅದರ ಅತಿ ಒಳ್ಳೆಯ ಉತ್ತರ, ಅಂದರೆ ಎಲ್ಲಾ ಮುಗಿಯಲು ಹಿಡಿಯುವ ಅತಿ ಕಮ್ಮಿ ಹೊತ್ತು, 930 ಯೂನಿಟ್ ಅಂತ ಸಾಧಿಸಿ ತೋರಿಸಲು 1989ರವರೆಗೆ ಕಾಯಬೇಕಾಯಿತು. ಇವತ್ತು ಅದೇ ಲೆಕ್ಕ ನಿಮ್ಮ ಲ್ಯಾಪ್‌ಟಾಪ್‌ಗೆ ಲೆಕ್ಕಕ್ಕೇ ಇಲ್ಲ. ಆದರೆ ಟೂಲ್‌ಗೆ ಏನು ಕೇಳಬೇಕು ಅನ್ನುವುದನ್ನು ಯಾರು ಹೇಳುತ್ತಾರೆ? ಪಂಪ್‌ನವರಿಗೆ ಸರಾಸರಿ ಮುಖ್ಯ ಅಂತ ನಾವು ಊಹೆ ಮಾಡಿದ್ದೇವೆ. ಅವರನ್ನು ಯಾರಾದರೂ ಕೇಳಿದ್ದೀರಾ?

ಸ್ಟುಟ್‌ಗಾರ್ಟ್_ಕನ್ನಡಿಗ:
ಇಲ್ಲಿ ಗೇರ್ ಮಾಡುವ ಕಂಪನಿಯೊಂದರಲ್ಲಿ ಪ್ಲಾನಿಂಗ್ ನೋಡುತ್ತೇನೆ. ಎರಡು ಮಾತು ಸೇರಿಸುತ್ತೇನೆ. ಒಂದು, ಸಾಲು ಎಷ್ಟೇ ಚೆನ್ನಾಗಿರಲಿ, ಮುಂದಿನ ಒಂದಷ್ಟು ಗಂಟೆಯನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ ಬೀಗ ಹಾಕಿ. ನಿಮ್ಮಂಥ ಶೆಡ್‌ಗೆ ಒಂದು ಶಿಫ್ಟ್ ಸಾಕು. ಫೋನ್ ಬಂದರೆ ಅದು ಮುಂದಿನ ಶಿಫ್ಟ್‌ನ ಪ್ಲಾನ್‌ಗೆ ಹೋಗುತ್ತದೆ. ಅರ್ಧ ಲಾಟ್ ಇಳಿಸುವುದು ನಿಂತರೆ ಅದೇ ದೊಡ್ಡ ಉಳಿತಾಯ.

ಎರಡನೆಯದು ಮಾಲೀಕರಿಗೆ ಇಷ್ಟ ಆಗುವುದಿಲ್ಲ. ಮಷಿನ್ ಪೂರ್ತಿ ತುಂಬಿಸಬೇಡಿ. ಜಾಬ್‌ಗಳು ಹೇಗೆ ಬೇಕೋ ಹಾಗೆ ಬರುವ ಕಡೆ ಕ್ಯೂ ಲೆಕ್ಕದ ಸರಳ ಸೂತ್ರ ಏನು ಹೇಳುತ್ತದೆ ನೋಡಿ. ಮಷಿನ್ 80% ತುಂಬಿದ್ದರೆ ಒಂದು ಜಾಬ್ ಕಾಯುವುದು ಅದರ ಕೆಲಸದ ಹೊತ್ತಿನ ಸುಮಾರು 4 ಪಟ್ಟು. 90% ಆದರೆ 9 ಪಟ್ಟು. 95% ಆದರೆ 19 ಪಟ್ಟು. ಇಬ್ಬರು ಕಸ್ಟಮರ್ ಜಗಳ ಆಡುವುದು ಸಾಲಿಗಾಗಿ ಅನಿಸುತ್ತದೆ. ಜಾಸ್ತಿ ಸಲ ಅದು ಸಾಲಿನ ತಪ್ಪಲ್ಲ, ನೀವು ಆರ್ಡರ್ ಜಾಸ್ತಿ ಒಪ್ಪಿಕೊಂಡಿದ್ದರ ಫಲ.

ಜಾಬ್‌ವರ್ಕ್_ಪೀಣ್ಯ:
ಇಎಂಐ ಕಟ್ಟುವವನಿಗೆ 80% ಅಂದರೆ ಎದೆ ಝಲ್ಲೆನ್ನುತ್ತದೆ ಸಾರ್. ಇರಲಿ, ಬರೆದಿಟ್ಟುಕೊಂಡೆ. ವಿಎಂಸಿ ಕಥೆ ಅರ್ಥ ಆಯಿತು. ಗ್ರೈಂಡರ್‌ಗೆ ಏನು ಮಾಡಲಿ? ಶಾಫ್ಟ್‌ಗಳೆಲ್ಲ ಲೇತ್ ಆಗಿ ಅಲ್ಲಿಗೇ ಬರುತ್ತವೆ, ಇಬ್ಬರವೂ. ಬೆಳಿಗ್ಗೆ ಅದು ಖಾಲಿ ನಿಂತಿರುತ್ತದೆ, ಸಂಜೆ ಮುಂದೆ ಟ್ರೇಗಳ ಗುಡ್ಡೆ.

ಮೈಕ್ರಾನ್:
ಇದು ನನ್ನ ಏರಿಯಾ. ಬೆಳಿಗ್ಗೆ ಖಾಲಿ ಇರುತ್ತದೆ ಅಂದರೆ ಲೇತ್‌ನವರು ಉದ್ದದ ಜಾಬ್ ಮೊದಲು ಹಾಕಿದ್ದಾರೆ. ಜಾನ್ಸನ್ 1954ರಲ್ಲಿ ಹೇಳಿದ್ದು ಇದಕ್ಕೇ. ಲೇತ್‌ನಲ್ಲಿ ಕಮ್ಮಿ, ಗ್ರೈಂಡಿಂಗ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುವವನ್ನು ಮುಂದೆ ಹಾಕಿ, ಲೇತ್ ಹೊತ್ತು ಚಿಕ್ಕದಿರುವುದರಿಂದ ಶುರು ಮಾಡಿ. ಉಳಿದವನ್ನು ಹಿಂದೆ ಹಾಕಿ, ಗ್ರೈಂಡಿಂಗ್ ಅತಿ ಕಮ್ಮಿ ಇರುವುದು ಕಟ್ಟಕಡೆಗೆ.

ನಾಲ್ಕು ಜಾಬ್ ಹಿಡಿಯಿರಿ, ಲೇತ್ ಒಂದೇ, ಲಾಟ್ ಪೂರ್ತಿ ಮುಗಿದ ಮೇಲೇ ಗ್ರೈಂಡಿಂಗ್‌ಗೆ. ಮೊದಲನೆಯದು ಲೇತ್ 2 ಗಂಟೆ, ಗ್ರೈಂಡಿಂಗ್ 5. ಎರಡನೆಯದು 3 ಮತ್ತು 4. ಮೂರನೆಯದು 4 ಮತ್ತು 3. ನಾಲ್ಕನೆಯದು 6 ಮತ್ತು 2. ಇದೇ ಸಾಲಿನಲ್ಲಿ ಹಾಕಿದರೆ 17 ಗಂಟೆಗೆ ಎಲ್ಲಾ ಮುಗಿಯುತ್ತದೆ. ತಿರುಗಿಸಿ ಹಾಕಿದರೆ 22. ಅದೇ ಜಾಬ್, ಅದೇ ಮಷಿನ್, ಅದೇ ಆಪರೇಟರ್. ತಿರುಗಿಸಿದಾಗ ಗ್ರೈಂಡರ್ ಮೊದಲ ಆರು ಗಂಟೆ ಕೈಕಟ್ಟಿ ಕೂತಿರುತ್ತದೆ, ಅದೇ ವ್ಯತ್ಯಾಸ.

ಇನ್ನೊಂದು ಮಾತು. ಗ್ರೈಂಡರ್ ನಿಮ್ಮ ಇಕ್ಕಟ್ಟು (ಎಲ್ಲರ ಕೆಲಸ ಸಿಕ್ಕಿಹಾಕಿಕೊಳ್ಳುವ ಜಾಗ) ಅಂತಾದರೆ ಊಟದ ಹೊತ್ತಿಗೆ ಅದನ್ನು ನಿಲ್ಲಿಸಬೇಡಿ, ಬದಲಿ ಆಳು ಹಾಕಿ. ಲೇತ್ ನಿಂತರೆ ನಿಲ್ಲಲಿ.

ಗುಣಾಕಾರ:
ಒಂದು ಎಚ್ಚರ. ಜಾನ್ಸನ್ ನಿಯಮಕ್ಕೆ ಗಡುವು ಗೊತ್ತಿಲ್ಲ, ಯಾರ ಜಾಬ್ ಅನ್ನುವುದೂ ಗೊತ್ತಿಲ್ಲ. ಇಡೀ ಗುಂಪು ಬೇಗ ಮುಗಿಯುವುದಷ್ಟೇ ಅದರ ಗುರಿ. ಆಟೋದವರ ಗಡುವಿಗೆ ಪೆಟ್ಟು ಬೀಳದ ಕಡೆ ಮಾತ್ರ ಬಳಸಿ.

ಜಾಬ್‌ವರ್ಕ್_ಪೀಣ್ಯ:
ವಾಪಸ್ ಬಂದೆ. ಇಬ್ಬರಿಗೂ ಫೋನ್ ಮಾಡಿ ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಅಂತ. ಆಟೋದವರ ಸ್ಟೋರ್ಸ್‌ನವರು ಬಾಯಿ ಬಿಟ್ಟರು: ಲಾರಿ ಹೊರಡುವ ಹೊತ್ತಿಗೆ ಸಿಕ್ಕರೆ ಸಾಕು, ಬೇಗ ಬಂದರೆ ಇಡಲು ಜಾಗ ಇಲ್ಲ. ಅಂದರೆ ನಾವು ಇಷ್ಟು ದಿನ ಓಟಿ ಕೊಟ್ಟು ಬೇಗ ಕಳಿಸಿದ್ದೆಲ್ಲ ಅವರಿಗೆ ತಲೆನೋವೇ ಆಗಿತ್ತು.

ಪಂಪ್‌ನವರದು ಇನ್ನೂ ವಿಚಿತ್ರ. ಒಂದು ಪಂಪ್‌ಗೆ ಬೇಕಾದ ಪಾರ್ಟ್‌ಗಳೆಲ್ಲ ಒಟ್ಟಿಗೆ ಬಂದರೆ ಮಾತ್ರ ಅವರಿಗೆ ಕೆಲಸ. ಶಾಫ್ಟ್ ಬಂದು ಕವರ್ ಬರದಿದ್ದರೆ ಶಾಫ್ಟ್ ರ‍್ಯಾಕ್‌ನಲ್ಲೇ. ನಾವು ಚಿಕ್ಕಚಿಕ್ಕದು ಬೇಗ ಮುಗಿಸಿ ಡಿಸಿ (ಡೆಲಿವರಿ ಚಲನ್) ಮೇಲೆ ಡಿಸಿ ಕಳಿಸಿ "ಇಷ್ಟು ಕೊಟ್ಟಿದ್ದೀವಲ್ಲ" ಅನ್ನುತ್ತಿದ್ದೆವು. ಅವರ ಲೆಕ್ಕದಲ್ಲಿ ಒಂದೂ ಬಂದಿಲ್ಲ.

ಗುಣಾಕಾರ:
ನೋಡಿ, ಲೆಕ್ಕವೇ ಬದಲಾಯಿತು. ನಮ್ಮ ಉದಾಹರಣೆಯಲ್ಲೇ 3 ಮತ್ತು 5 ಗಂಟೆಯವು ಒಂದು ಸೆಟ್, 2 ಮತ್ತು 8 ಇನ್ನೊಂದು ಸೆಟ್ ಅನ್ನಿ. ಸರಾಸರಿ 14.5 ಬಂದ ಸಾಲಿನಲ್ಲಿ ಮೊದಲ ಸೆಟ್ ಪೂರ್ತಿ ಆಗುವುದು 21.5ಕ್ಕೆ. ಅದರ ಬದಲು 5 ಗಂಟೆಯದನ್ನೇ ಎಲ್ಲಕ್ಕಿಂತ ಮೊದಲು ಹಾಕಿ, ಆಮೇಲೆ ಆಟೋ ಎರಡು, ಆಮೇಲೆ 3, 2, 8. ಆಟೋದ್ದು ಮೊದಲಿನ ಹಾಗೇ 9.75 ಮತ್ತು 15.75ಕ್ಕೆ ಮುಗಿಯುತ್ತದೆ. ಮೊದಲ ಸೆಟ್ 19.5ಕ್ಕೆ ಸಿದ್ಧ, ಎರಡನೇ ಸೆಟ್ ಎರಡರಲ್ಲೂ 29.5. ಸರಾಸರಿ ನೋಡಿದರೆ 18.9ಕ್ಕೆ ಏರಿದೆ, ಕೆಟ್ಟ ಪ್ಲಾನ್ ಅನಿಸುತ್ತದೆ. ಪಂಪ್‌ನವರಿಗೆ ಮಾತ್ರ ಎರಡು ಗಂಟೆ ಲಾಭ. ಹಳೇ ಲೆಕ್ಕವನ್ನೇ ಕಂಪ್ಯೂಟರ್‌ಗೆ ಕೊಟ್ಟಿದ್ದರೆ ಅದು ಈ ಸಾಲನ್ನು ಎತ್ತಿ ಬಿಸಾಡುತ್ತಿತ್ತು.

ಕೋಡ್_ಬರೆಯೋನು:
ಸರಿ ಸರಿ, ನನಗೇ ಹೇಳಿದ್ದು ಅಂತ ಗೊತ್ತಾಯಿತು 😄 ಸೆಟ್ ಅನ್ನುವುದನ್ನೂ ಹಾಕಿ ಒಂದು ಚಿಕ್ಕ ಶೀಟ್ ಮಾಡಿಕೊಡುತ್ತೇನೆ. ಜಾಬ್, ಗಂಟೆ, ಯಾವ ಸೆಟ್, ಗಡುವು ಇದ್ದರೆ ಗಡುವು. ಅಷ್ಟೇ ತುಂಬಿಸಿ. ಗಂಟೆಗಳನ್ನು ಮಾತ್ರ ಕೊಟೇಶನ್‌ನಿಂದ ತೆಗೆಯಬೇಡಿ, ಆಪರೇಟರ್ ಲಾಗ್‌ಬುಕ್‌ನಿಂದ ತೆಗೆಯಿರಿ.

ಹಳೇ_ಫೋರ್‌ಮನ್:
ಆ ಕೊನೇ ಮಾತಿಗೆ ನನ್ನದೊಂದು ಲೈಕ್. ಕೊಟೇಶನ್‌ನಲ್ಲಿ ಎಲ್ಲಾ ಜಾಬ್‌ಗಳೂ ಓಡಿಹೋಗುತ್ತವೆ.

ಜಾಬ್‌ವರ್ಕ್_ಪೀಣ್ಯ:
ಸದ್ಯಕ್ಕೆ ಮಾಡಿರುವುದು ಇಷ್ಟು. ಶಿಫ್ಟ್ ಶುರುವಾದ ಮೇಲೆ ಸಾಲು ಬದಲಾಯಿಸುವುದಿಲ್ಲ. ಕಸ್ಟಮರ್ ಫೋನ್ ನನಗೆ ಮಾತ್ರ. ಆಟೋದ್ದು ಲಾರಿ ಹೊತ್ತಿಗೆ ಎರಡು ಗಂಟೆ ಮುಂಚೆ ಮುಗಿಯುವ ಹಾಗೆ ಹಿಂದಿನಿಂದ ಕಟ್ಟಿದ್ದೇವೆ, ಪಂಪ್‌ದು ಸೆಟ್ ಲೆಕ್ಕದಲ್ಲಿ. ಬೇಸ್ ಪ್ಲೇಟ್ ಮಾಡಿಕೊಡಲು ಹೇಳಿದ್ದೇನೆ. ಒಂದು ಪ್ರಶ್ನೆ ಉಳಿದಿದೆ. ಮೂರನೇ ಕಸ್ಟಮರ್ ಒಬ್ಬರು ಸ್ಯಾಂಪಲ್ ಕೊಡುತ್ತೇನೆ ಅಂತಿದ್ದಾರೆ. ಸ್ಯಾಂಪಲ್ ಅಂದರೆ ಎಷ್ಟು ಗಂಟೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಎಲ್ಲಿ ತೂರಿಸಲಿ?

ಸ್ಟುಟ್‌ಗಾರ್ಟ್_ಕನ್ನಡಿಗ:
ಆಟೋ ಜಾಬ್ ಮುಂದೆ ಅಂತೂ ಬೇಡ. ಲಾರಿ ಹೋದ ಮೇಲೆ ಹಾಕಿ, ಎಷ್ಟು ಎಳೆದರೂ ಎಳೆಯಲಿ. ಮತ್ತೆ, ಆ ಹೊತ್ತಿನಲ್ಲಿ ಪಂಪ್ ಸೆಟ್ ಅರ್ಧ ಆಗಿರಬಾರದು.

ಮೈಕ್ರಾನ್:
ಗ್ರೈಂಡಿಂಗ್ ಇದ್ದರೆ ಮೊದಲೇ ಹೇಳಿ, ವೀಲ್ ಬದಲಾಯಿಸಬೇಕಾ ನೋಡಿಕೊಳ್ಳಬೇಕು. ವೀಲ್ ಬದಲಾದರೆ ಬ್ಯಾಲೆನ್ಸ್, ಡ್ರೆಸ್ಸಿಂಗ್ (ವೀಲ್‌ನ ಮೈ ಸರಿ ಮಾಡುವುದು) ಎಲ್ಲಾ ಸೇರಿ ನಿಮ್ಮ ಮುಕ್ಕಾಲು ಗಂಟೆ ಲೆಕ್ಕ ಅಲ್ಲಿ ನಡೆಯುವುದಿಲ್ಲ.